ಸ್ಟ್ಯಾಂಡರ್ಡ್ ಲೈಬ್ರರಿ ಬದಲಾದರೆ ಕುಂಬಳೆಯ ಡಿಟಿಪಿ ಅಂಗಡಿಗೆ ಎಂತ ಆಗುತ್ತದೆ?

ನಿನ್ನೆವರೆಗೆ ಸರಿಯಾಗಿ ಓಡುತ್ತಿದ್ದ ಪ್ರೋಗ್ರಾಮ್ ಇವತ್ತು ಓಡುವುದಿಲ್ಲ. ಯಾರೂ ಅದನ್ನು ಮುಟ್ಟಿಲ್ಲ. ಒಂದಕ್ಷರ ಆಚೀಚೆ ಆಗಿಲ್ಲ. ಬದಲಾದದ್ದು ಅದನ್ನು ಬರೆದ ಭಾಷೆ. ಕಂಪ್ಯೂಟರ್ ಕೆಲಸದವರಿಗೆ ಇದು ಹೊಸ ಕಾಟವೇನಲ್ಲ, ಆದರೆ ಈಚೆಗೆ ಇದರ ಚರ್ಚೆ ಮತ್ತೆ ಜೋರಾಗಿದೆ. ಕಾರಣ ಜಿಗ್ ಎಂಬ ಪ್ರೋಗ್ರಾಮಿಂಗ್ ಭಾಷೆ.

2025ರ ಆಗಸ್ಟಿನಲ್ಲಿ ಜಿಗ್‌ನ 0.15 ಆವೃತ್ತಿ ಬಂತು. ಪರದೆಯ ಮೇಲೆ ಒಂದು ಸಾಲು ಮೂಡಿಸುವುದು ಯಾವ ಭಾಷೆಯಲ್ಲಾದರೂ ಮೊದಲ ಪಾಠ, ಅಲ್ವಾ? ಜಿಗ್‌ನಲ್ಲಿ ಆ ಮೊದಲ ಪಾಠವೇ ಬದಲಾಯಿತು. ಮುಂಚೆ ಸ್ಟ್ಯಾಂಡರ್ಡ್ ಔಟ್‌ಪುಟ್ (ಪರದೆಗೆ ಹೋಗುವ ದಾರಿ) ಹಿಡಿದು, ಅದಕ್ಕೆ ಬರೆಯುವ ರೈಟರ್ ಪಡೆದು, ಬರೆದರೆ ಮುಗಿಯುತ್ತಿತ್ತು. ಈಗ ಬಫರನ್ನು, ಅಂದರೆ ಬರೆದದ್ದನ್ನು ಸ್ವಲ್ಪ ಹೊತ್ತು ಇಡುವ ಜಾಗವನ್ನು, ನಾವೇ ಕೊಡಬೇಕು. ಬರೆದಾದ ಮೇಲೆ ಫ್ಲಶ್ ಮಾಡಬೇಕು, ಅಂದರೆ ಅಲ್ಲಿ ಇದ್ದದ್ದನ್ನು ಹೊರಗೆ ಕಳಿಸಬೇಕು. ಫ್ಲಶ್ ಮರೆತರೆ ಪ್ರೋಗ್ರಾಮ್ ಒಂದೂ ತಪ್ಪು ತೋರಿಸದೆ ಓಡಿ ಮುಗಿಯುತ್ತದೆ, ಪರದೆ ಮಾತ್ರ ಖಾಲಿ. ಓದುವ ಮತ್ತು ಬರೆಯುವ ಇಡೀ ವ್ಯವಸ್ಥೆಯನ್ನು ಕಿತ್ತು ಹೊಸದಾಗಿ ಕಟ್ಟಿದ್ದಕ್ಕೆ ತಂಡದವರೇ ‘ರೈಟರ್‌ಗೇಟ್’ ಎಂದು ತಮಾಷೆಯ ಹೆಸರಿಟ್ಟರು. ಕೋಡ್ ತಿದ್ದಲು ಕೂತವರಿಗೆ ಅದು ಅಷ್ಟೇನೂ ತಮಾಷೆಯಾಗಿ ಕಂಡಿರಲಿಕ್ಕಿಲ್ಲ.

ಸ್ಟ್ಯಾಂಡರ್ಡ್ ಲೈಬ್ರರಿ ಅಂದರೆ ಭಾಷೆಯ ಜೊತೆಗೇ ಬರುವ ಸಿದ್ಧ ಕೋಡ್. ಫೈಲ್ ತೆರೆಯುವುದು, ದಿನಾಂಕ ಲೆಕ್ಕ ಹಾಕುವುದು, ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವುದು, ಇಂಥದ್ದನ್ನು ಪ್ರತಿಯೊಬ್ಬರೂ ಹೊಸದಾಗಿ ಬರೆಯಬೇಕಾಗಿಲ್ಲ. ಹೊರಗಿನ ಯಾವುದೋ ಪ್ಯಾಕೇಜ್ ಕೈಕೊಟ್ಟರೆ ಇನ್ನೊಂದನ್ನು ಹುಡುಕಿಕೊಳ್ಳಬಹುದು. ಸ್ಟ್ಯಾಂಡರ್ಡ್ ಲೈಬ್ರರಿಗೆ ಆ ಮಾತಿಲ್ಲ. ಆ ಭಾಷೆಯಲ್ಲಿ ಬರೆದ ಎಲ್ಲರ ಕೋಡೂ ಅದನ್ನೇ ನಂಬಿರುತ್ತದೆ. ಅಲ್ಲಿ ಒಂದು ಫಂಕ್ಷನ್‌ನ ಹೆಸರು ಬದಲಾದರೂ ಸಾಕು, ಸಾವಿರಾರು ಕಡೆ ಕೆಲಸ ನಿಲ್ಲುತ್ತದೆ. ಇದಕ್ಕೇ ಬ್ರೇಕಿಂಗ್ ಚೇಂಜ್ ಅನ್ನುವುದು.

ಲೈಬ್ರರಿಯನ್ನು ಗಟ್ಟಿ ಮಾಡಲಿಕ್ಕೆ ಅಂತಲೇ ಅದನ್ನು ಒಡೆಯುತ್ತಿದ್ದೇವೆ ಎಂದು ಜಿಗ್‌ನವರು ಹೇಳುತ್ತಾರೆ. ಕೇಳಿದರೆ ಹುಚ್ಚು ಅನ್ನಿಸಬಹುದು. ನನ್ನ ಮಟ್ಟಿಗೆ ಅದರಲ್ಲಿ ಲೆಕ್ಕ ಇದೆ. ಜಿಗ್ ಇನ್ನೂ 1.0, ಅಂದರೆ ಮೊದಲ ಪಕ್ಕಾ ಆವೃತ್ತಿ, ಮುಟ್ಟಿಲ್ಲ. ಆಂಡ್ರ್ಯೂ ಕೆಲ್ಲಿ ಅದನ್ನು ಜನರ ಮುಂದೆ ಇಟ್ಟದ್ದು 2016ರಲ್ಲಿ. ಅಲ್ಲಿಂದ ಇಲ್ಲಿವರೆಗೆ ‘ಇನ್ನು ಬದಲಾಗುವುದಿಲ್ಲ’ ಎಂಬ ಮಾತನ್ನು ಅವರು ಯಾರಿಗೂ ಕೊಟ್ಟಿಲ್ಲ. ಬನ್, ಟೈಗರ್‌ಬೀಟಲ್, ಘೋಸ್ಟಿಯಂಥ ದೊಡ್ಡ ಪ್ರಾಜೆಕ್ಟ್‌ಗಳು ಜಿಗ್‌ನಲ್ಲೇ ಕಟ್ಟಿದವು. ಆದರೆ ಅವನ್ನು ಕಟ್ಟಿದವರಿಗೆ ಇದು ಮೊದಲೇ ಗೊತ್ತಿತ್ತು. ಒಂದು ನಿರ್ದಿಷ್ಟ ಆವೃತ್ತಿಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಪುರುಸೊತ್ತು ಇದ್ದಾಗ ಮುಂದಿನದಕ್ಕೆ ಹೋಗುವುದು ಅಂಥವರ ಕ್ರಮ.

ಒಡೆಯದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಹಳೆಯ ಕಥೆಯೊಂದಿದೆ. 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್, ಪ್ರೋಗ್ರಾಮಿನ ಭಾಗಗಳನ್ನು ಜೋಡಿಸಿ ಕಟ್ಟುವ ‘ಮೇಕ್’ ಎಂಬ ಟೂಲ್ ಬರೆದರು. ಅದರಲ್ಲಿ ಕೆಲವು ಸಾಲುಗಳ ಆರಂಭದಲ್ಲಿ ಟ್ಯಾಬ್ ಒತ್ತಲೇಬೇಕು, ಸ್ಪೇಸ್ ಹಾಕಿದರೆ ಆಗುವುದಿಲ್ಲ. ಕಣ್ಣಿಗೆ ಎರಡೂ ಒಂದೇ. ಇದು ತಪ್ಪು ಎಂದು ಫೆಲ್ಡ್‌ಮನ್‌ಗೆ ಬೇಗನೇ ಗೊತ್ತಾಯಿತು. ಆದರೆ ಅಷ್ಟೊತ್ತಿಗೆ ಸುಮಾರು ಒಂದು ಡಜನ್ ಜನ ಅದನ್ನು ಬಳಸುತ್ತಿದ್ದರು, ಹೆಚ್ಚಿನವರು ಸ್ನೇಹಿತರು. ಅವರಿಗೆ ತೊಂದರೆ ಯಾಕೆ ಎಂದು ಹಾಗೇ ಬಿಟ್ಟರು. ಅವತ್ತು ಹತ್ತು ಹನ್ನೆರಡು ಜನರಿಗೆ ತಪ್ಪಿಸಿದ ತೊಂದರೆಯನ್ನು ಐವತ್ತು ವರ್ಷದಿಂದ ಇಡೀ ಜಗತ್ತಿನ ಪ್ರೋಗ್ರಾಮರ್‌ಗಳು ಅನುಭವಿಸುತ್ತಿದ್ದಾರೆ. ಒಡೆಯುವುದರ ಖರ್ಚು ನಂಬಿದವರ ಸಂಖ್ಯೆಯ ಜೊತೆ ಏರುತ್ತಾ ಹೋಗುತ್ತದೆ. ಬೇಗ ಒಡೆದರೆ ಅಗ್ಗ.

ಇದನ್ನು ಚೆನ್ನಾಗಿ ತಿಳಿದು ನಡೆದದ್ದು ರಸ್ಟ್ ಎಂಬ ಇನ್ನೊಂದು ಭಾಷೆ. 2015ರ ಮೇ 15ರಂದು ಅದರ 1.0 ಬಂತು. ಅದಕ್ಕಿಂತ ಮುಂಚಿನ ಕೆಲವು ತಿಂಗಳು ನೋಡಬೇಕು, ರಸ್ಟ್ ಬರೆಯುವವರ ಪಾಡು ದೇವರಿಗೇ ಪ್ರೀತಿ. ಪೂರ್ಣಾಂಕದ ಮೂಲ ಟೈಪ್‌ಗಳ (ಮಾಹಿತಿಯ ಬಗೆಗಳ) ಹೆಸರು ಬದಲಾಯಿತು. ಫೈಲ್ ಓದುವ ಬರೆಯುವ ಹಳೆಯ ಮಾಡ್ಯೂಲಿನ ಹೆಸರಿಗೆ ‘ಓಲ್ಡ್’ ಅಂಟಿಸಿ ಪಕ್ಕಕ್ಕಿಟ್ಟು, ಹೊಸದನ್ನು ಅದರ ಜಾಗಕ್ಕೆ ತಂದರು. ಲೈಬ್ರರಿಯ ಒಂದೊಂದು ಭಾಗಕ್ಕೂ ‘ಸ್ಟೇಬಲ್’, ‘ಅನ್‌ಸ್ಟೇಬಲ್’ ಎಂಬ ಚೀಟಿ ಅಂಟಿಸಿದರು. ಸ್ಟೇಬಲ್ ಚೀಟಿ ಇದ್ದದ್ದು ಮಾತ್ರ ಎಲ್ಲರಿಗೆ. ಉಳಿದದ್ದು ಬೇಕಾದರೆ, ಕೋಡನ್ನು ಯಂತ್ರದ ರೂಪಕ್ಕೆ ತರುವ ಕಂಪೈಲರ್‌ನ ‘ನೈಟ್ಲಿ’ ಎಂಬ ಪರೀಕ್ಷೆಯ ಆವೃತ್ತಿ ಹಾಕಿಕೊಂಡು, ನಿಮ್ಮ ಹೊಣೆಯಲ್ಲೇ ಬಳಸಿ ಎಂದರು.

ಅದರಲ್ಲೂ ಒಂದು ಪ್ರಸಂಗ ನನಗೆ ತುಂಬ ಇಷ್ಟ. ಒಂದೇ ಹೊತ್ತಿಗೆ ಹಲವು ಕೆಲಸ ನಡೆಸಲು ರಸ್ಟ್‌ನಲ್ಲಿ ‘ಸ್ಕೋಪ್ಡ್ ಥ್ರೆಡ್’ ಎಂಬ ಸೌಲಭ್ಯ ಇತ್ತು. 1.0ಕ್ಕೆ ಕೆಲವೇ ವಾರ ಇರುವಾಗ ಅದರಲ್ಲಿ ಒಂದು ತೂತು ಸಿಕ್ಕಿತು. ಥ್ರೆಡ್ (ಹಾಗೆ ಬೇರೆಯಾಗಿ ನಡೆಯುವ ಒಂದು ಕೆಲಸ) ಮುಗಿಯುವವರೆಗೆ ಕಾಯಬೇಕಾದ ಕಾವಲುಗಾರ ವಸ್ತುವನ್ನು ಯಾರಾದರೂ ಮೆಮೊರಿಯಲ್ಲಿ ಲೀಕ್ ಆಗಲು, ಅಂದರೆ ವಿಲೇವಾರಿ ಆಗದೆ ಹಾಗೇ ಉಳಿಯಲು, ಬಿಟ್ಟರೆ, ಕಾಯುವ ಕೆಲಸವೇ ನಡೆಯುವುದಿಲ್ಲ. ಆಗ ಥ್ರೆಡ್ ಅಳಿಸಿಹೋದ ಮೆಮೊರಿಯನ್ನು ಮುಟ್ಟಬಹುದು. ಮೆಮೊರಿಯ ವಿಷಯದಲ್ಲಿ ಮೋಸ ಇಲ್ಲ ಎಂಬುದೇ ರಸ್ಟ್‌ನ ದೊಡ್ಡ ಹೆಗ್ಗಳಿಕೆ. ಬಿಡುಗಡೆಯ ದಿನ ಹತ್ತಿರ ಬಂದಿದೆ, ಹೇಗಾದರೂ ನಡೆಯಲಿ ಎನ್ನದೆ ಆ ಸೌಲಭ್ಯವನ್ನೇ ಕಿತ್ತುಹಾಕಿದರು. ಅದು ಬೇರೆ ರೂಪದಲ್ಲಿ ಸ್ಟ್ಯಾಂಡರ್ಡ್ ಲೈಬ್ರರಿಗೆ ಮರಳಿದ್ದು 2022ರ ಆಗಸ್ಟಿನಲ್ಲಿ, 1.63ರಲ್ಲಿ. ಏಳು ವರ್ಷ! ಆದರೆ ಅವತ್ತು ಅವಸರದಲ್ಲಿ ಒಳಗೆ ಬಿಟ್ಟಿದ್ದರೆ ಆ ತೂತನ್ನು ಆಮೇಲೆ ಮುಚ್ಚುವುದು ಬಹಳ ಕಷ್ಟ ಆಗುತ್ತಿತ್ತು, ಯಾಕೆಂದರೆ 1.0 ಆದ ಮೇಲೆ ಕೊಟ್ಟದ್ದನ್ನು ಸುಲಭಕ್ಕೆ ತೆಗೆಯುವ ಹಾಗಿಲ್ಲ.

1.0ರಲ್ಲಿ ‘ಇನ್ನು ಒಡೆಯುವುದಿಲ್ಲ’ ಎಂದು ಮಾತು ಕೊಟ್ಟ ಮೇಲೂ ರಸ್ಟ್ ಒಮ್ಮೆ ಎಡವಿತು. 2024ರ ಜುಲೈಯಲ್ಲಿ ಬಂದ 1.80ರಲ್ಲಿ ಲೈಬ್ರರಿಗೆ ಒಂದು ಸಣ್ಣ ಅನುಕೂಲ ಸೇರಿಸಿದರು. ಏನನ್ನೂ ತೆಗೆಯಲಿಲ್ಲ, ಸೇರಿಸಿದ್ದು ಮಾತ್ರ. ಆದರೆ ಅದರಿಂದ ಕಂಪೈಲರ್‌ಗೆ ಒಂದು ಕಡೆ ಯಾವ ಟೈಪ್ ಎಂದು ಊಹಿಸಲು ಆಗದೆ, ‘ಟೈಮ್’ ಎಂಬ ಬಹಳ ಜನ ಬಳಸುವ ಪ್ಯಾಕೇಜಿನ ಹಳೆಯ ಆವೃತ್ತಿಗಳು ಕಂಪೈಲ್ ಆಗದೆ ನಿಂತವು. ಸರಿಪಡಿಸಿದ ಆವೃತ್ತಿ ಮೊದಲೇ ಹೊರಬಂದಿತ್ತು. ಆದರೆ ಯಾವ ಪ್ಯಾಕೇಜಿನ ಯಾವ ಆವೃತ್ತಿ ಬೇಕು ಎಂದು ಹೇಳುವ ಲಾಕ್ ಫೈಲಿನಲ್ಲಿ ಹಳೆಯದನ್ನೇ ಬರೆದಿಟ್ಟವರಿಗೆ ಅದರಿಂದ ಏನು ಪ್ರಯೋಜನ? ಸೇರಿಸುವುದರಿಂದ ಯಾರಿಗೂ ತೊಂದರೆ ಇಲ್ಲ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ ಎಂದಾಯಿತು. ಗೂಗಲ್‌ನಲ್ಲಿದ್ದ ಹೈರಮ್ ರೈಟ್ ಹೆಸರಿನಲ್ಲಿ ಒಂದು ನಿಯಮವೇ ಇದೆ. ಬಳಸುವವರು ಸಾಕಷ್ಟು ಜಾಸ್ತಿ ಆದರೆ, ನೀವು ಮಾತು ಕೊಟ್ಟದ್ದು ಏನೇ ಇರಲಿ, ನಿಮ್ಮ ಕೋಡಿನ ಪ್ರತಿಯೊಂದು ನಡವಳಿಕೆಯನ್ನೂ ಯಾರಾದರೊಬ್ಬರು ನಂಬಿಕೊಂಡಿರುತ್ತಾರೆ.

ಗೋ ಭಾಷೆಯವರು ಇನ್ನೊಂದು ಜಾಣತನ ಮಾಡಿದರು. 2012ರ ಮಾರ್ಚಿನಲ್ಲಿ 1.0 ಬರುವ ಮೊದಲು ಅವರೂ ಬೇಕಾದಷ್ಟು ಒಡೆದರು. ಆದರೆ ಜೊತೆಗೆ ‘ಗೋಫಿಕ್ಸ್’ ಎಂಬ ಟೂಲ್ ಕೊಟ್ಟರು. ಹಳೆಯ ಕೋಡನ್ನು ಅದಕ್ಕೆ ಒಪ್ಪಿಸಿದರೆ ಬಹುಪಾಲು ಅದೇ ತಿದ್ದಿಕೊಡುತ್ತಿತ್ತು. ಒಡೆದವರೇ ರಿಪೇರಿಯ ಸಾಮಾನನ್ನೂ ಕೊಡಬೇಕು ಎನ್ನುವುದು ನ್ಯಾಯವಾದ ಮಾತು. ಮುಂದೆ 2024ರ ಫೆಬ್ರವರಿಯಲ್ಲಿ ಗೋ 1.22, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಲೂಪಿನ ವೇರಿಯಬಲ್ ನಡೆದುಕೊಳ್ಳುವ ರೀತಿಯನ್ನೇ ಬದಲಿಸಿತು. ಆದರೆ ಹೊಸ ನಡತೆ ಸಿಗುವುದು ‘ನಮ್ಮದು 1.22’ ಎಂದು ತಮ್ಮ ಮಾಡ್ಯೂಲ್ ಫೈಲಿನಲ್ಲಿ ಬರೆದವರಿಗೆ ಮಾತ್ರ. ಬರೆಯದವರ ಕೋಡ್ ಹಳೆಯ ಹಾಗೆಯೇ ನಡೆಯುತ್ತದೆ. ರಸ್ಟ್‌ನ 2018, 2021, 2024ರ ‘ಎಡಿಷನ್’ಗಳ ಹಿಂದೆಯೂ ಇದೇ ವಿಚಾರ. ಬರುವವರು ಬರಲಿ, ಉಳಿಯುವವರು ಉಳಿಯಲಿ.

ವೆಬ್‌ಸೈಟ್‌ಗಳು ಬಳಸುವ ಜಾವಾಸ್ಕ್ರಿಪ್ಟ್ ಭಾಷೆಗೆ ಈ ಸುಖ ಇಲ್ಲ. ಹದಿನೈದು ಇಪ್ಪತ್ತು ವರ್ಷ ಹಿಂದಿನ ವೆಬ್‌ಸೈಟ್ ಇವತ್ತಿನ ಬ್ರೌಸರ್‌ನಲ್ಲೂ ತೆರೆಯಬೇಕು. 2018ರಲ್ಲಿ ಪಟ್ಟಿಗಳಿಗೆ ‘ಫ್ಲ್ಯಾಟನ್’ ಎಂಬ ಫಂಕ್ಷನ್ ಸೇರಿಸಲು ಹೊರಟಾಗ, ಮೂಟೂಲ್ಸ್ ಎಂಬ ಹಳೆಯ ಲೈಬ್ರರಿ ಅದೇ ಹೆಸರನ್ನು ಮೊದಲೇ ಬಳಸಿದ್ದು ಕಂಡುಬಂತು. ಆ ಲೈಬ್ರರಿ ಇರುವ ಸೈಟುಗಳು ಕೆಡುತ್ತಿದ್ದವು. ಕೊನೆಗೆ ಭಾಷೆಯೇ ತಗ್ಗಿ ‘ಫ್ಲ್ಯಾಟ್’ ಎಂದು ಹೆಸರಿಟ್ಟುಕೊಂಡಿತು.

ಇಷ್ಟೆಲ್ಲ ಬೆಂಗಳೂರಿನವರಿಗೋ ಬರ್ಲಿನ್‌ನವರಿಗೋ ಸಂಬಂಧಪಟ್ಟ ಮಾತು, ಕಾಸರಗೋಡಿನಲ್ಲಿ ಕೂತವರಿಗೆ ಎಂತಕ್ಕೆ ಎಂದು ಕೇಳಬಹುದು. ಅದಕ್ಕೆ ಪೈಥಾನ್ ಎಂಬ ಭಾಷೆಯ ಕಥೆಗೆ ಬರಬೇಕು. ಅದು ನೇರವಾಗಿ ಕನ್ನಡದ ಕಥೆ.

‘ಕಾಸರಗೋಡು’ ಎಂದು ಬರೆಯಿರಿ. ಓದುವ ನಮಗೆ ಅಲ್ಲಿ ಇರುವುದು ಐದು ಅಕ್ಷರ: ಕಾ, ಸ, ರ, ಗೋ, ಡು. ಪೈಥಾನ್ 2ರಲ್ಲಿ ಇದನ್ನು ಸುಮ್ನೆ ಕೋಟ್ ಒಳಗೆ ಹಾಕಿ ಉದ್ದ ಎಷ್ಟು ಎಂದು ಕೇಳಿದರೆ, ಯುಟಿಎಫ್-8 (ಯೂನಿಕೋಡ್ ಪಠ್ಯವನ್ನು ಕಂಪ್ಯೂಟರಿನಲ್ಲಿ ಇಡುವ ಒಂದು ಕ್ರಮ) ಫೈಲಿನಲ್ಲಿ ಬರುವ ಉತ್ತರ 24. ಅದು ಎಣಿಸುವುದು ಬೈಟ್‌ಗಳನ್ನು, ಅಂದರೆ ಕಂಪ್ಯೂಟರ್ ಮಾಹಿತಿ ಇಡುವ ಸಣ್ಣ ತುಣುಕುಗಳನ್ನು. ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು, ದೀರ್ಘ, ಕೊಂಬು ಎಲ್ಲ ಬೇರೆ ಬೇರೆ ಲೆಕ್ಕ. ಈಗ ಹೆಸರಿನ ಕಾಲಮ್‌ನಲ್ಲಿ ಮೊದಲ 20 ಮಾತ್ರ ಇರಲಿ ಎಂದು ಕತ್ತರಿಸಿದರೆ? ಆರು ಸಂಕೇತ ಪೂರ್ತಿ ಬಂದು, ಏಳನೆಯದರ ಎರಡು ಬೈಟ್ ಉಳಿದು, ಕೊನೆಯಲ್ಲಿ ಒಂದು ಚೌಕವೋ ಪ್ರಶ್ನೆ ಚಿಹ್ನೆಯೋ ಕೂತಿರುತ್ತದೆ. ಬೈಟ್ ಪಠ್ಯವನ್ನೂ ಯೂನಿಕೋಡ್ (ಎಲ್ಲ ಲಿಪಿಗಳಿಗೂ ಒಂದೇ ಸಂಕೇತ ಪಟ್ಟಿ) ಪಠ್ಯವನ್ನೂ ಬೆರೆಸಿದರಂತೂ ಕೆಂಪು ಅಕ್ಷರದ ಬೈಗುಳ: ಇಂಗ್ಲಿಷಿಗೆ ಮಾತ್ರ ಸಾಕಾಗುವ ಹಳೆಯ ಪಟ್ಟಿ ಆಸ್ಕಿ ಪ್ರಕಾರ ‘ಇ-ಸೊನ್ನೆ’ ಬೈಟ್ ಬಿಡಿಸಲಾಗದು ಅಂತ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತವೂ ಆ ಬೈಟ್‌ನಿಂದಲೇ ಶುರುವಾಗುತ್ತದೆ. ಮಲಯಾಳದ್ದೂ ಅಷ್ಟೆ. ಈ ಒಂದು ವಿಷಯದಲ್ಲಿ ನಮ್ಮಲ್ಲಿ ಎರಡು ಭಾಷೆಗೂ ಪೂರ್ತಿ ಸಮಾನತೆ ಇತ್ತು.

ಇಂಗ್ಲಿಷ್‌ನಲ್ಲಿ ಮಾತ್ರ ಬರೆಯುವವನಿಗೆ ಈ ತೊಂದರೆ ಕಾಣಿಸುವುದೇ ಇಲ್ಲ. ಒಂದು ಅಕ್ಷರ, ಒಂದು ಬೈಟ್, ಎಲ್ಲ ಸರಿ. ಹಾಗಾಗಿ 2008ರ ಡಿಸೆಂಬರ್ 3ರಂದು ಪೈಥಾನ್ 3.0 ಬಂದು ‘ಇನ್ನು ಪಠ್ಯ ಅಂದರೆ ಯೂನಿಕೋಡ್, ಬೈಟ್ ಬೇರೆ’ ಎಂದಾಗ ಅವರಲ್ಲಿ ಎಷ್ಟೋ ಜನಕ್ಕೆ ಅದು ಬೇಡದ ಉಪದ್ರವ ಅನ್ನಿಸಿತು. ಇದ್ದ ಕೋಡ್ ಕೆಟ್ಟಿತು, ಪ್ರತಿಯಾಗಿ ಸಿಕ್ಕಿದ್ದು ಏನೂ ಇಲ್ಲ. ನಮಗೆ ಸಿಕ್ಕಿತು. ಪೈಥಾನ್ 3ರಲ್ಲಿ ‘ಕಾಸರಗೋಡು’ ಉದ್ದ 8. ಇದೂ ಐದಲ್ಲ, ಒಪ್ಪುತ್ತೇನೆ. ಸಂಕೇತಗಳನ್ನು ಎಣಿಸುತ್ತದೆ, ಅಕ್ಷರಗಳನ್ನಲ್ಲ. ಐದು ಎಂದು ಸರಿಯಾಗಿ ಹೇಳುವುದು ಆಪಲ್‌ನ ಸ್ವಿಫ್ಟ್. ಅದೂ ಸಲೀಸಾಗಿ ಬಂದದ್ದಲ್ಲ. ಸ್ವಿಫ್ಟ್ ಮೊದಲ ಆವೃತ್ತಿಯಲ್ಲಿ ಪಠ್ಯವನ್ನು ಅಕ್ಷರಗಳ ಸಾಲಾಗಿ ಕಂಡಿತು, ಎರಡರಲ್ಲಿ ಅಲ್ಲ ಎಂದಿತು, 2017ರ ನಾಲ್ಕರಲ್ಲಿ ಮತ್ತೆ ಹೌದು ಎಂದಿತು. ಪ್ರತಿ ಸಲ ಜನರ ಕೋಡ್ ಕೆಟ್ಟಿತು.

ಒಡೆಯಲೇಬಾರದು ಎನ್ನುವವರ ಜೊತೆ ನನಗೆ ಹೊಂದಾಣಿಕೆ ಆಗದಿರುವುದು ಇಲ್ಲೇ. ಏನೂ ಬದಲಾಗದಿದ್ದರೆ ಮೊದಲು ಬಂದವರ ಅನುಕೂಲವೇ ಶಾಶ್ವತವಾಗುತ್ತದೆ. ಕಂಪ್ಯೂಟರಿಗೆ ಮೊದಲು ಬಂದವರು ಕನ್ನಡದವರಲ್ಲ. ಲೈಬ್ರರಿ ಒಡೆದದ್ದರಿಂದಲೇ ನಮಗೆ ಒಳಗೆ ಜಾಗ ಆಯಿತು.

ಆದರೆ ಪೈಥಾನ್ ಅದನ್ನು ಮಾಡಿದ ರೀತಿ ಮಾದರಿಯಲ್ಲ. 3.0 ಬರುವಾಗ ಭಾಷೆಗೆ ಹದಿನೇಳು ವರ್ಷ ದಾಟಿತ್ತು, ಬಳಸುವವರು ಲಕ್ಷಗಟ್ಟಲೆ. ಒಂದೇ ಸಲಕ್ಕೆ ಎಲ್ಲ ಬದಲಿಸಿದರು. ಒಂದೇ ಪ್ರೋಗ್ರಾಮಿನಲ್ಲಿ ಅರ್ಧ ಹಳತು ಅರ್ಧ ಹೊಸತು ಇಡಲು ದಾರಿ ಇಡಲಿಲ್ಲ. ಹಾಗಾಗಿ ತಾನು ನಂಬಿದ ಪ್ಯಾಕೇಜ್ ಬರಲಿ ಎಂದು ಒಬ್ಬ ಕಾದ, ಬಳಸುವವರು ಬರಲಿ ಎಂದು ಆ ಪ್ಯಾಕೇಜಿನವನು ಕಾದ. 2.7ಕ್ಕೆ 2015ರಲ್ಲಿ ಮಂಗಳ ಹಾಡಬೇಕಿತ್ತು, ಅದನ್ನು 2020ರ ಜನವರಿ 1ಕ್ಕೆ ಮುಂದೂಡಿದರು. ಶುರುವಿನಿಂದ ಹನ್ನೊಂದು ವರ್ಷ.

ನಮ್ಮ ಕಡೆಯವರಿಗೆ ಹೇಳುವುದಾದರೆ, ತಲಪಾಡಿಯಿಂದ ಈಚೆ ಹೆದ್ದಾರಿ 66ನ್ನು ಆರು ಪಥ ಮಾಡಿದ್ದನ್ನು ನೆನಪಿಸಿಕೊಳ್ಳಿ. ರಸ್ತೆ ಅಗಲ ಆಗಬೇಕು ಎಂಬುದರಲ್ಲಿ ಜಾಸ್ತಿ ಜಗಳ ಇರುವುದಿಲ್ಲ. ಜಗಳ ಬರುವುದು ಹಳೆಯ ಕ್ರಾಸಿಂಗ್ ಮುಚ್ಚುವ ದಿನ ಸರ್ವಿಸ್ ರಸ್ತೆ ಆಗಿದೆಯೋ ಇಲ್ಲವೋ, ಅಂಡರ್‌ಪಾಸ್ ಎಷ್ಟು ದೂರ ಎಂಬುದರಲ್ಲಿ. ಕಾರಿನವನಿಗೆ ಒಂದೆರಡು ಕಿಲೋಮೀಟರ್ ಏನೂ ಅಲ್ಲ, ನಡೆಯುವವನಿಗೆ ಅದೇ ದೊಡ್ಡದು.

ಲೈಬ್ರರಿಯ ವಿಷಯದಲ್ಲಿ ನಡೆಯುವವರು ಯಾರು? ಕುಂಬಳೆಯಲ್ಲೋ ಬದಿಯಡ್ಕದಲ್ಲೋ ಒಂದು ಡಿಟಿಪಿ ಅಂಗಡಿ ಇದೆ ಅಂದುಕೊಳ್ಳಿ. ಮದುವೆ ಕಾಗದ, ದೇವಸ್ಥಾನದ ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನದ ಹ್ಯಾಂಡ್‌ಬಿಲ್ ಅಲ್ಲಿನ ಕೆಲಸ. ಹಳೆಯ ಫೈಲೆಲ್ಲ ನುಡಿ ಅಥವಾ ಬರಹದ ಹಳೇ ಫಾಂಟಿನಲ್ಲಿ, ಹೊಸ ಗಿರಾಕಿ ವಾಟ್ಸಾಪಿನಲ್ಲಿ ಕಳಿಸುವುದು ಯೂನಿಕೋಡ್. ಎರಡನ್ನೂ ಹೊಂದಿಸಲು, ಬಂದ ಫೋಟೋ ಜೆಪಿಜಿಯೋ ಪಿಎನ್‌ಜಿಯೋ ಎಂದು ನೋಡಿ ಬೇರೆ ಬೇರೆ ಫೋಲ್ಡರಿಗೆ ಹಾಕಲು, ಸಂಬಂಧಿಕರ ಹುಡುಗನೊಬ್ಬ ಇಂಜಿನಿಯರಿಂಗ್ ಓದುವಾಗ ಸಣ್ಣ ಪೈಥಾನ್ ಸ್ಕ್ರಿಪ್ಟ್ ಬರೆದುಕೊಟ್ಟಿದ್ದ. ಈಗ ಅವನು ದುಬೈಯಲ್ಲಿ.

ಕಂಪ್ಯೂಟರ್ ಹಳತಾಯಿತು, ಹೊಸದು ಬಂತು, ಅದಕ್ಕೆ ಹೊಸ ಪೈಥಾನ್ ಹಾಕಿದರು. ಸ್ಕ್ರಿಪ್ಟಿನ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಕಪ್ಪು ಕಿಟಕಿ ಒಮ್ಮೆ ಮಿಂಚಿ ಮಾಯ. ಅಷ್ಟೇ. ಆ ಕಿಟಕಿ ಹೇಳುತ್ತಿರುವುದು ‘ಇಮೇಜ್‌ಹೆಡರ್ ಮಾಡ್ಯೂಲ್ ಇಲ್ಲ’ ಎಂದು. ಚಿತ್ರದ ಬಗೆ ಗುರುತಿಸುವ ಆ ಮಾಡ್ಯೂಲ್ 2024ರ ಅಕ್ಟೋಬರಿನಲ್ಲಿ ಬಂದ ಪೈಥಾನ್ 3.13ರಿಂದ ಹೊರಗೆ ಹೋಯಿತು. ಅದರ ಜೊತೆ ಟೆಲ್ನೆಟ್, ಸಿಜಿಐ ಸೇರಿ ಒಟ್ಟು 19 ಹಳೆಯ ಮಾಡ್ಯೂಲ್‌ಗಳನ್ನು ತೆಗೆದರು. ನೋಡಿಕೊಳ್ಳುವವರಿಲ್ಲ, ಕಾಲ ಮೀರಿದೆ, ಕೆಲವು ಸುರಕ್ಷಿತವೂ ಅಲ್ಲ ಎಂಬುದು ಕಾರಣ. ಕಾರಣ ಸರಿಯಾಗಿಯೇ ಇದೆ. ಪ್ರಸ್ತಾವ ಬರೆದದ್ದು 2019ರಲ್ಲಿ, ಎಚ್ಚರಿಕೆ ಕೊಡಲು ಶುರು ಮಾಡಿದ್ದು 2022ರ 3.11ರಿಂದ. ಸಮಯ ಕೊಟ್ಟಿಲ್ಲ ಎಂದು ದೂರುವ ಹಾಗಿಲ್ಲ.

ಆದರೆ ಆ ಎಚ್ಚರಿಕೆ ಯಾರಿಗೆ ಕಂಡಿತು? ಅದೇ ಕಪ್ಪು ಕಿಟಕಿಯಲ್ಲಿ, ಇಂಗ್ಲಿಷಿನಲ್ಲಿ, ಕಣ್ಣು ಮಿಟುಕಿಸುವಷ್ಟರಲ್ಲಿ. ಇನ್ನೊಂದು ಮಾಡ್ಯೂಲಿನ ಒಳಗಿಂದ ಬಳಸಿದ್ದರೆ ಸಾಮಾನ್ಯವಾಗಿ ಅಷ್ಟೂ ಕಾಣುವುದಿಲ್ಲ, ಪೈಥಾನ್ ತಾನಾಗಿಯೇ ಅಂಥ ಎಚ್ಚರಿಕೆಗಳನ್ನು ಮುಚ್ಚಿಡುತ್ತದೆ. ಭಾಷೆ ಕಟ್ಟುವವರ ಕಣ್ಣಿನಲ್ಲಿ ಬಳಕೆದಾರ ಎಂದರೆ ರಿಲೀಸ್ ನೋಟ್ಸ್ ಓದುವ, ಟೆಸ್ಟ್ ಓಡಿಸುವ, ಸಂಬಳ ಪಡೆಯುವ ಪ್ರೋಗ್ರಾಮರ್. ಡಿಟಿಪಿ ಅಂಗಡಿಯವರು, ಸೊಸೈಟಿಯಲ್ಲಿ ಅಡಿಕೆ ರೇಟಿನ ಪಟ್ಟಿ ಮಾಡುವವರು, ಶಾಲೆಯ ಮೇಷ್ಟ್ರು ಆ ಲೆಕ್ಕದಲ್ಲಿ ಬರುವುದೇ ಇಲ್ಲ. ಅವರು ಪ್ರೋಗ್ರಾಮ್ ಬರೆಯುವವರಲ್ಲ, ಯಾರೋ ಬರೆದದ್ದನ್ನು ನಂಬಿ ಬದುಕುವವರು.

ಶಾಲೆಗಳ ಸ್ಥಿತಿ ಸ್ವಲ್ಪ ವಾಸಿ. ಕೇರಳದ ಹೈಸ್ಕೂಲ್ ಐಸಿಟಿ (ಕಂಪ್ಯೂಟರ್) ಪಾಠದಲ್ಲಿ ಪೈಥಾನ್ ಇದೆ, ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೆ ಕನ್ನಡದಲ್ಲೇ ಪುಸ್ತಕ ಇದೆ. ಲ್ಯಾಬುಗಳಿಗೆ ಕೇರಳ ಸರಕಾರದ ಕೈಟ್ ಸಂಸ್ಥೆಯವರು ಉಬುಂಟು ಆಧಾರದ ತಮ್ಮದೇ ಗ್ನು/ಲಿನಕ್ಸ್ (ವಿಂಡೋಸ್ ಬದಲಿಗೆ ಬಳಸುವ ವ್ಯವಸ್ಥೆ) ಕೊಡುತ್ತಾರೆ. ಉಬುಂಟು 22.04 ಅಂದರೆ ಒಳಗಿರುವುದು ಪೈಥಾನ್ 3.10. ಮಂಜೇಶ್ವರದ ಲ್ಯಾಬಿಗೂ ತಿರುವನಂತಪುರದ ಲ್ಯಾಬಿಗೂ ಒಂದೇ. ಪುಸ್ತಕದಲ್ಲಿ ಇದ್ದದ್ದು ಪರದೆಯಲ್ಲಿ ಬರುತ್ತದೆ. ಹೊಸದಕ್ಕೆ ಓಡದೆ, ಒಂದು ಆವೃತ್ತಿ ಹಿಡಿದು ಎಲ್ಲರೂ ಒಟ್ಟಿಗೆ ದಾಟುವುದು ಟೈಗರ್‌ಬೀಟಲ್‌ನವರು ಜಿಗ್ ಜೊತೆ ಮಾಡುವ ಉಪಾಯವೇ.

ತೊಂದರೆ ಬರುವುದು ಲ್ಯಾಬಿನ ಹೊರಗೆ. ಇಂಗ್ಲಿಷಿನಲ್ಲಿ ಒಂದು ಪಾಠ ಹಳತಾದರೆ ವಾರದೊಳಗೆ ಹತ್ತು ಹೊಸದು ಬರುತ್ತವೆ. ಕನ್ನಡದಲ್ಲಿ ಪ್ರೋಗ್ರಾಮಿಂಗ್ ಬಗ್ಗೆ ಇರುವುದೇ ಕಡಿಮೆ. ಯಾರೋ ಶ್ರಮಪಟ್ಟು ಪೈಥಾನ್ 2ಕ್ಕೆ ಬರೆದಿಟ್ಟರೆ, ಅದನ್ನು ತಿದ್ದಲು ಇನ್ನೊಬ್ಬರು ಸಿಗುವುದಿಲ್ಲ. ಒಂಬತ್ತನೇ ಕ್ಲಾಸಿನ ಮಗು ಮನೆಯಲ್ಲಿ ಅದನ್ನು ನೋಡಿ ಪ್ರಿಂಟ್ ಪಕ್ಕದಲ್ಲಿ ಬ್ರ್ಯಾಕೆಟ್ ಇಲ್ಲದೆ ಬರೆಯುತ್ತದೆ. ಇವತ್ತಿನ ಪೈಥಾನ್ ಆ ತಪ್ಪನ್ನು ಗುರುತಿಸಿ, ಬ್ರ್ಯಾಕೆಟ್ ಬಿಟ್ಟಿದ್ದೀಯ, ಹೀಗೆ ಬರೆಯಬೇಕಿತ್ತಾ ಎಂದು ಕೇಳುತ್ತದೆ. ಒಡೆದ ಜಾಗದಲ್ಲಿ ಬೋರ್ಡ್ ಹಾಕಿದ ಹಾಗೆ, ಒಳ್ಳೆಯ ಕೆಲಸ. ಅದು ಇಂಗ್ಲಿಷಿನಲ್ಲಿ ಇದೆ ಎಂಬುದೊಂದೇ ಕೊರತೆ. ಪ್ರಿಂಟ್‌ನಂಥ ಎಲ್ಲರಿಗೂ ಎದುರಾಗುವ ತಪ್ಪಿಗೆ ಇಷ್ಟು ಚಂದದ ಸೂಚನೆ ಬರೆದವರು ತೆಗೆದುಹಾಕಿದ ಮಾಡ್ಯೂಲ್‌ಗಳಿಗೂ ಅದನ್ನೇ ಮಾಡಬಹುದಿತ್ತು. ‘ಇದು ಹೋಗಿದೆ, ಬದಲಿಗೆ ಇದನ್ನು ನೋಡಿ’ ಎಂದು ಒಂದು ಸಾಲು ಸಾಕಿತ್ತು.

ಜಿಗ್ ಇವತ್ತು ಒಡೆಯುತ್ತಿರುವುದಕ್ಕೆ ನಾನು ಬೇಸರ ಪಡುವುದಿಲ್ಲ. ಕುಂಬಳೆಯ ಯಾವ ಅಂಗಡಿಯೂ ಇನ್ನೂ ಅದನ್ನು ನಂಬಿಲ್ಲ. ಓದುವ ಬರೆಯುವ ಕೆಲಸವನ್ನೆಲ್ಲ ‘ಐಓ’ ಎಂಬ ಒಂದೇ ಕೈಯಿಂದ ದಾಟಿಸುವ ಯೋಜನೆಯನ್ನೂ ಅವರು ಹೇಳಿದ್ದಾರೆ, ಅಂದರೆ ಇನ್ನಷ್ಟು ಒಡೆಯುವುದಿದೆ. ಈಗಲೇ ಮಾಡಿ ಮುಗಿಸಲಿ.

ಪೈಥಾನ್ 2ರ ಸ್ಕ್ರಿಪ್ಟ್ ಇನ್ನೂ ಇಟ್ಟುಕೊಂಡವರಿಗೆ ಒಂದು ಮಾತು. ಹಳೆಯ ಕೋಡನ್ನು ಮೂರಕ್ಕೆ ತಿದ್ದಿಕೊಡುತ್ತಿದ್ದ ‘ಟು-ಟು-ಥ್ರೀ’ ಎಂಬ ಟೂಲ್ ಪೈಥಾನ್ ಜೊತೆಗೇ ಬರುತ್ತಿತ್ತು. 3.13ರಲ್ಲಿ ಅದನ್ನೂ ತೆಗೆದಿದ್ದಾರೆ. ಹಾಗಾಗಿ ಹೊಸ ಕಂಪ್ಯೂಟರಿಗೆ ನೇರ ಹೊಸ ಪೈಥಾನ್ ಹಾಕಬೇಡಿ. ಮೊದಲು 3.12 ಹಾಕಿ, ಸ್ಕ್ರಿಪ್ಟಿನ ಒಂದು ಪ್ರತಿ ತೆಗೆದಿಟ್ಟು, ಆ ಟೂಲಿನಿಂದ ತಿದ್ದಿಸಿ. ಕನ್ನಡದ ಸಾಲುಗಳನ್ನು ಮಾತ್ರ ಕೈಯಾರೆ ನೋಡಿ. ಬೈಟ್ ಯಾವುದು, ಪಠ್ಯ ಯಾವುದು ಎಂದು ಅದಕ್ಕೆ ತಾನಾಗಿ ಗೊತ್ತಾಗುವುದಿಲ್ಲ. ದುಬೈಯ ಹುಡುಗನಿಗೆ ಫೋನ್ ಮಾಡುವುದಿದ್ದರೆ, ಕಪ್ಪು ಕಿಟಕಿ ತಾನಾಗಿ ತೆರೆದು ಮುಚ್ಚುವ ಮೊದಲು ಕಮಾಂಡ್ ಪ್ರಾಂಪ್ಟ್ ತೆರೆದು ಅಲ್ಲಿಂದ ಸ್ಕ್ರಿಪ್ಟ್ ಓಡಿಸಿ, ಬಂದ ತಪ್ಪಿನ ಫೋಟೋ ತೆಗೆದು ಕಳಿಸಿ.